ಎಡಗಡೆಯ ಮುಂದಿನ ಚಕ್ರ

ಈ ಪುಟವನ್ನು ಓದುವವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಕಾಲದಲ್ಲಿ ನನ್ನ ಮುಂದೆ ಬೆಂಚಿನ ಮೇಲೆ ಕುಳಿತು ಭೌತಶಾಸ್ತ್ರ ಕೇಳಿದವರು, ಉಳಿದವರು ನೆಂಟರಿಷ್ಟರು. ಆದ್ದರಿಂದಲೇ ಇದನ್ನು ಬರೆಯಲೋ ಬೇಡವೋ ಎಂದು ಬಹಳ ದಿನ ಹಿಂದೆಮುಂದೆ ನೋಡಿದೆ. ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ, "ಸಾರ್, ಹೊಸ ಕಾರು ತಗೊಂಡು ಮೂರು ವಾರ ಆಯ್ತು. ಎಡಕ್ಕೆ ಎಳೀತದೆ. ಷೋರೂಮಿನವರು ಟೈರ್ ಕಂಪನೀನ ಕೇಳಿ ಅಂತಾರೆ, ಟೈರಿನವರು ಕಾರಿನವರನ್ನ ಕೇಳಿ ಅಂತಾರೆ" ಎಂದು ಅಲವತ್ತುಕೊಂಡ. ಆ ಸಂಭಾಷಣೆಯಾದ ಮೇಲೆ ಸುಮ್ಮನಿರಲಾಗಲಿಲ್ಲ.

ನನ್ನ ಮಗ 2022ರ ವಿಜಯದಶಮಿಯಂದು ಬೆಂಗಳೂರಿನಲ್ಲಿ ಹೊಸ ಕಾರು ಕೊಂಡ. ನಮ್ಮ ವಂಶದಲ್ಲಿ ಅದೇ ಮೊದಲ ಹೊಸ ಕಾರು. ನಾನು ನಿವೃತ್ತನಾಗುವವರೆಗೂ ಸೈಕಲ್ಲು, ಆಮೇಲೆ ಸ್ಕೂಟರು. ನಡುವೆ ಏಳು ವರ್ಷ, ತಮ್ಮನಿಂದ ಕೊಂಡ ಹಳೆಯ ಕಾರೊಂದು ಮನೆಯಲ್ಲಿತ್ತು. ಅದರ ಟೈರುಗಳು ನುಣುಪಾಗಿ ನನ್ನ ತಲೆಯಂತೆಯೇ ಇದ್ದವು. ಹೊಸ ಕಾರೆಂದರೆ ದೋಷವಿಲ್ಲದ ಕಾರು ಎಂಬುದು ಆಗ ನನ್ನ ನಂಬಿಕೆ.

ದೀಪಾವಳಿಗೆ ಮಗ, ಸೊಸೆ, ಮೊಮ್ಮಗಳು ತಿಪಟೂರಿಗೆ ಬಂದರು. ಇಳಿಯುತ್ತಲೇ ಮಗ ಹೇಳಿದ ಮಾತು, "ಅಪ್ಪ, ಸ್ಟೀರಿಂಗ್ ಬಿಟ್ಟರೆ ಎಡಕ್ಕೆ ಹೋಗುತ್ತೆ. ಎಂಬತ್ತರ ವೇಗಕ್ಕೆ ಕೈ ನಡುಗಿಸುತ್ತೆ." ಹಬ್ಬದ ಗಡಿಬಿಡಿಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

ಬಲಿಪಾಡ್ಯಮಿಯ ಬೆಳಿಗ್ಗೆ ಅವನೇ ಕೀಲಿ ಕೈಗಿತ್ತು, "ನೀವೂ ಒಂದು ಸುತ್ತು ಹೋಗಿ ಬನ್ನಿ" ಎಂದ. ಅಕ್ಕನ ಊರು ಹನ್ನೊಂದು ಕಿಲೋಮೀಟರು. ಆ ವರ್ಷ ಮಳೆ ಅತಿಯಾಗಿತ್ತು. ಕೆರೆಗಳು ಕೋಡಿ ಬಿದ್ದಿದ್ದವು, ರಸ್ತೆಯಲ್ಲಿ ನೀರು ನಿಂತ ಕಡೆ ಆಳ ತಿಳಿಯುತ್ತಿರಲಿಲ್ಲ. ತೆಂಗಿನ ತೋಟವೊಂದರ ತಿರುವಿನಲ್ಲಿ ಎದುರಿನಿಂದ ಟ್ರ್ಯಾಕ್ಟರು ಬಂತು. ನಾನು ಎಡಕ್ಕೆ ಸರಿದೆ. ದಡ್ ಎಂದು ಒಂದು ಸದ್ದು. ಹಲ್ಲಿಗೆ ಹಲ್ಲು ತಾಗಿತು. ಇಳಿದು ನೋಡಿದೆ, ಹೊರಗಿನಿಂದ ಏನೂ ಕಾಣಲಿಲ್ಲ.

ಆದರೂ ಮನಸ್ಸು ತಡೆಯದೆ ಹಿಂದಿರುಗುವಾಗ ಪಂಚರ್ ಅಂಗಡಿಯಲ್ಲಿ ನಿಲ್ಲಿಸಿ ಗಾಳಿ ನೋಡಲು ಹೇಳಿದೆ. ಬಲಗಡೆ ಮುಂದಿನ ಚಕ್ರದಲ್ಲಿ 46 ಪೌಂಡ್, ಎಡಗಡೆ ಮುಂದಿನದರಲ್ಲಿ 39, ಹಿಂದಿನವೆರಡರಲ್ಲಿ 45. ಬಾಗಿಲಿನ ಪಕ್ಕದ ಚೀಟಿಯಲ್ಲಿ ಬರೆದಿದ್ದುದು 33! ಹೊಸ ಕಾರುಗಳು ಕಾರ್ಖಾನೆಯಿಂದ ಲಾರಿಯಲ್ಲಿ ಬಂದು ವಾರಗಟ್ಟಲೆ ಅಂಗಳದಲ್ಲಿ ನಿಂತಿರುತ್ತವೆ. ಹಾಗೆ ನಿಂತಲ್ಲೇ ಟೈರು ಚಪ್ಪಟೆಯಾಗದಿರಲೆಂದು ಹೆಚ್ಚು ಗಾಳಿ ತುಂಬುತ್ತಾರೆ. ಗ್ರಾಹಕನಿಗೆ ಒಪ್ಪಿಸುವ ಮೊದಲು ಅದನ್ನು ಇಳಿಸಬೇಕಾದದ್ದು ಷೋರೂಮಿನ ಕೆಲಸ. ಅವರು ಕಾರಿಗೆ ಹಾರ ಹಾಕಿದ್ದರು, ನಿಂಬೆಹಣ್ಣು ಇಟ್ಟಿದ್ದರು, ಗಾಳಿ ಮಾತ್ರ ನೋಡಿರಲಿಲ್ಲ. ಎಡಬಲಗಳ ಒತ್ತಡದಲ್ಲಿ ಏಳು ಪೌಂಡಿನ ವ್ಯತ್ಯಾಸವಿದ್ದರೆ, ಕಡಿಮೆ ಇರುವ ಕಡೆಯ ಟೈರು ನೆಲಕ್ಕೆ ಹೆಚ್ಚು ಒತ್ತಿ, ಉರುಳಲು ಹೆಚ್ಚು ಪ್ರತಿರೋಧ ಒಡ್ಡುತ್ತದೆ. ಕಾರು ಅತ್ತ ಎಳೆಯುತ್ತದೆ. ನಡುಕಕ್ಕೆ ಕಾರಣ ಬೇರೆ: ಚಕ್ರದ ತೂಕ ಸುತ್ತಲೂ ಸಮನಾಗಿರಲೆಂದು ರಿಮ್ಮಿಗೆ ಅಂಟಿಸುವ ಸಣ್ಣ ಲೋಹದ ತುಂಡು ಒಂದು ಚಕ್ರದಲ್ಲಿ ಬಿದ್ದುಹೋಗಿ ಬರಿಯ ಗುರುತು ಉಳಿದಿತ್ತು.

ಅಂಗಡಿಯವನು ಎಡಚಕ್ರದ ಒಳಬದಿಗೆ ಕೈ ತೂರಿಸಿ ತಡವಿ, "ಎಲ್ಲೋ ಗುಂಡಿಗೆ ಇಳಿಸಿದ್ದೀರಾ ಸಾರ್? ರಿಮ್ಮು ಒಳಗಡೆ ಬಾಗೈತೆ. ಈಗ ಏನೂ ಕಾಣಂಗಿಲ್ಲ. ಹದಿನೈದು ದಿನ ನೋಡ್ತಾ ಇರಿ, ಪಕ್ಕದಲ್ಲಿ ಬುಗುಟು ಬರಬೋದು" ಎಂದ. ಗಾಳಿಯನ್ನು 33ಕ್ಕೆ ಸರಿಮಾಡಿಸಿಕೊಂಡು ಮನೆಗೆ ಬಂದೆ. ಮಗನಿಗೆ ಗಾಳಿಯ ವಿಷಯವೆಲ್ಲ ವಿಸ್ತಾರವಾಗಿ ಹೇಳಿದೆ. ಗುಂಡಿಯ ವಿಷಯ ಹೇಳಲಿಲ್ಲ.

ಬುಗುಟು ಬಂತು. ಹದಿನಾರನೆಯ ದಿನ, ಮೊದಲ ಸರ್ವಿಸಿಗೆ ಬಿಟ್ಟಾಗ ಕಾಣಿಸಿತಂತೆ: ಅರ್ಧ ನಿಂಬೆಹಣ್ಣಿನಷ್ಟು. ಇಂದಿನ ಟೈರುಗಳಲ್ಲಿ ಉಕ್ಕಿನ ತಂತಿಯ ಪಟ್ಟಿ ನೆಲಕ್ಕೆ ತಾಗುವ ಭಾಗದಡಿ ಮಾತ್ರ ಇರುತ್ತದೆ. ಪಕ್ಕದ ಗೋಡೆಯಲ್ಲಿರುವುದು ರಬ್ಬರಿನೊಳಗೆ ಹುದುಗಿದ ಪಾಲಿಯೆಸ್ಟರ್ ದಾರಗಳು. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟೈರು ಸಿಕ್ಕಿ ಅಪ್ಪಚ್ಚಿಯಾದಾಗ ದಾರಗಳು ಕಡಿದುಹೋಗುತ್ತವೆ. ಆಮೇಲೆ ಗಾಳಿಯನ್ನು ತಡೆಯಲು ಬರಿಯ ರಬ್ಬರು, ಅದು ಉಬ್ಬುತ್ತದೆ. ಇದಕ್ಕೆ ದುರಸ್ತಿಯಿಲ್ಲ. ಹೆದ್ದಾರಿಯ ವೇಗದಲ್ಲಿ, ಬಿಸಿಲಿನಲ್ಲಿ, ಯಾವಾಗ ಒಡೆಯುತ್ತದೆಂದು ಹೇಳಲಾಗದು. ಆ ಟೈರಿನ ಮೇಲೆ ನನ್ನ ಮಗ ದಿನವೂ ವರ್ತುಲ ರಸ್ತೆಯಲ್ಲಿ ಆಫೀಸಿಗೆ ಹೋಗಿಬರುತ್ತಿದ್ದ. ಎರಡು ದಿನ ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡಿದ್ದನಂತೆ. ಒಂದು ಮಾತು ಹೇಳಿದ್ದರೆ ಅವನು ಪ್ರತಿದಿನ ಬಗ್ಗಿ ನೋಡುತ್ತಿದ್ದ.

"ಅಪ್ಪ, ನೀವು ಹೋದಾಗ ಎಲ್ಲಾದರೂ ಗುಂಡಿಗೆ ಬಿತ್ತಾ?" ಎಂದು ಅವನು ಫೋನಿನಲ್ಲಿ ಕೇಳಿದ.

"ಇಲ್ಲವಲ್ಲ" ಎಂದೆ.

ಹೀಗೇಕೆ ಅಂದೆನೋ ಇಂದಿಗೂ ಸರಿಯಾಗಿ ಬಿಡಿಸಲಾರೆ. ಅರವತ್ತು ದಾಟಿದ ಮೇಲೆ "ಅಪ್ಪನಿಗೆ ಇನ್ನು ಕಾರು ಕೊಡಬೇಡಿ" ಎಂಬ ಮಾತು ಮನೆಯಲ್ಲಿ ಹುಟ್ಟೀತೆಂಬ ಭಯವಿತ್ತು. ಜೊತೆಗೆ ಭೌತಶಾಸ್ತ್ರದ ನೆಪವೂ ಇತ್ತು: ಗಾಳಿ ಹೆಚ್ಚಿದ್ದ ಟೈರು ಬಿರುಸಾಗಿರುತ್ತದೆ, ಬಾಗಿ ಪೆಟ್ಟನ್ನು ನುಂಗಲಾರದು, ಆದ್ದರಿಂದ ತಪ್ಪು ಷೋರೂಮಿನದೇ ಎಂದು ನನಗೆ ನಾನೇ ಪಾಠ ಮಾಡಿಕೊಂಡೆ.

ಅಷ್ಟಕ್ಕೇ ನಿಲ್ಲಿಸದೆ ಕಂಪನಿಗೆ ದೂರಿನ ಪತ್ರವನ್ನೂ ನಾನೇ ಬರೆದುಕೊಟ್ಟೆ. ಮೂರು ದೂರುಗಳು: ಗಾಳಿ, ಚಕ್ರದ ಸಮತೋಲ, ಬುಗುಟು. ಮೊದಲೆರಡು ಸತ್ಯ, ಎರಡೆರಡು ಸಾಲು. ಮೂರನೆಯದಕ್ಕೆ ಒಂದೂವರೆ ಪುಟ! ಅದರಲ್ಲಿ ಅಮೆರಿಕದ ಉದಾಹರಣೆ ಬೇರೆ. ಅಲ್ಲಿ 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅವುಗಳಲ್ಲಿ ಬಹುಪಾಲು ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ದೊಡ್ಡ ಗಾಡಿಗಳಿಗೆ ಹಾಕಿದ್ದವು. ಓಡುವಾಗಲೇ ಟೈರಿನ ಮೇಲ್ಪದರ ಕಿತ್ತುಬಂದು ಗಾಡಿಗಳು ಮಗುಚಿ ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಕಾರಿನವರು ಟೈರಿನ ತಯಾರಿಕೆ ಕೆಟ್ಟದ್ದೆಂದರು. ಟೈರಿನವರು, ನೀವು ಹೇಳಿದ 26 ಪೌಂಡ್ ಗಾಳಿ ತೀರ ಕಡಿಮೆ, ನಿಮ್ಮ ಗಾಡಿಯ ವಿನ್ಯಾಸವೇ ಸರಿಯಿಲ್ಲವೆಂದರು. ಹೆಚ್ಚುಕಡಿಮೆ ನೂರು ವರ್ಷದ ವ್ಯವಹಾರ ಮರುವರ್ಷ ಮುರಿದುಬಿತ್ತು. ಇದನ್ನೆಲ್ಲ ಬರೆದು, "ಹೊಣೆಯನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ಸಭ್ಯರ ಲಕ್ಷಣವಲ್ಲ" ಎಂದು ಮುಗಿಸಿದ್ದೆ. ಆ ಪತ್ರದ ಪ್ರತಿ ಈಗಲೂ ನನ್ನ ಬಳಿ ಇದೆ. ಕೈಬರಹ ಬಹಳ ಚೆನ್ನಾಗಿದೆ.

ನವೆಂಬರ್ ಕೊನೆಯಲ್ಲಿ ನಾನು ಬೆಂಗಳೂರಿಗೆ ಹೋಗಿದ್ದಾಗ ಷೋರೂಮಿನಿಂದ ಕರೆ ಬಂತು; ಮಗ ನನ್ನನ್ನೂ ಕರೆದೊಯ್ದ. ಸರ್ವಿಸ್ ವಿಭಾಗದ ಹುಡುಗ, ಇಪ್ಪತ್ತೆರಡು ಇಪ್ಪತ್ತಮೂರು ವರ್ಷದವನು, ಬಿಚ್ಚಿಟ್ಟ ಚಕ್ರವನ್ನು ತೋರಿಸಿ, "ಇದು ಪೆಟ್ಟು ಬಿದ್ದು ಆಗಿರೋದು ಸಾರ್, ರಿಮ್ ನೋಡಿ. ವಾರಂಟಿಗೆ ಬರಲ್ಲ" ಎಂದ. ಮಗನಿಗೆ ಸಿಟ್ಟು ಬಂತು. "ನಮ್ಮ ತಂದೆ ಮೂವತ್ತನಾಲ್ಕು ವರ್ಷ ಮೇಷ್ಟ್ರಾಗಿದ್ದವರು. ಅವರು ಇಲ್ಲ ಅಂದಮೇಲೆ ಇಲ್ಲ. ಸುಳ್ಳು ಹೇಳ್ತಿರೋದು ನೀವು" ಎಂದು ಎಲ್ಲರೆದುರು ಗದರಿದ. ಹುಡುಗ ನನ್ನ ಕಡೆ ನೋಡಿದ. ನಾನು ಕೈಯಲ್ಲಿದ್ದ ಕಾಗದದ ಲೋಟದ ಕಾಫಿಯನ್ನು ನೋಡಿದೆ. "ಸಾರಿ ಸಾರ್" ಎಂದ ಅವನು, ನನಗೆ.

ಗಲಾಟೆ ಬೇಡವೆಂದು ಮ್ಯಾನೇಜರು ಹೊಸ ಟೈರನ್ನೂ ರಿಮ್ಮನ್ನೂ ಉಚಿತವಾಗಿ ಹಾಕಿಸಿದರು. ಮಗ ನನ್ನನ್ನು ತಿಪಟೂರಿಗೆ ಬಿಡಲು ಹೊರಟ. ನೆಲಮಂಗಲ ದಾಟುವವರೆಗೂ ಅವನು ಗೆದ್ದ ಸಂತೋಷದಲ್ಲಿ ಮಾತಾಡುತ್ತಲೇ ಇದ್ದ. ಗಂಟಲು ಸರಿಮಾಡಿಕೊಂಡು ಹೇಳಿಬಿಟ್ಟೆ: ಟ್ರ್ಯಾಕ್ಟರು, ತಿರುವು, ಸದ್ದು, ಪಂಚರ್ ಅಂಗಡಿಯವನ ಮಾತು, ಎಲ್ಲ.

ಅವನು ಏನೂ ಅನ್ನಲಿಲ್ಲ. ಬಹಳ ಹೊತ್ತಿನ ಮೇಲೆ, "ಪಾಪು ಮುಂದೆ ಕೂತಿದ್ದಳು ಅಪ್ಪ" ಎಂದ, ಅಷ್ಟೇ. ಮುಂದಿನ ತಿರುವಿನಲ್ಲಿ ಕಾರನ್ನು ಹಿಂದಕ್ಕೆ ತಿರುಗಿಸಿದ.

ಷೋರೂಮಿನಲ್ಲಿ ಟೈರಿನದೂ ರಿಮ್ಮಿನದೂ ಹಣ ನಾನು ಕೊಟ್ಟೆ. ಅಲೈನ್‌ಮೆಂಟಿಗೂ ಬ್ಯಾಲೆನ್ಸಿಂಗಿಗೂ ಕೊಡಲಿಲ್ಲ. ಅದು ಅವರದೇ ತಪ್ಪು, ಅದನ್ನು ಬಿಟ್ಟುಕೊಡಬೇಕಾದ ಕಾರಣವಿರಲಿಲ್ಲ. ಆ ಹುಡುಗನ ಬಳಿ ಹೋಗಿ, "ನೀನು ಹೇಳಿದ್ದೇ ನಿಜ ಕಣಪ್ಪ, ಸುಳ್ಳು ನನ್ನದು" ಎಂದೆ. ಅವನು ಬಿಲ್ಲಿನ ಯಂತ್ರದಿಂದ ಕಣ್ಣೆತ್ತದೆ, "ಪರವಾಗಿಲ್ಲ ಸಾರ್, ದಿನಾ ಇರುತ್ತೆ" ಎಂದ. ಹಳೆಯ ಟೈರನ್ನು ಯಾರೂ ಮತ್ತೆ ಬಳಸದಂತೆ ನನ್ನೆದುರೇ ಕೊಯ್ಯಿಸಿದೆ. ಒಳಗೆ ಕಡಿದುಹೋದ ದಾರಗಳು ಹಳೆಯ ಜನಿವಾರದಂತೆ ಎಳೆಯೆಳೆಯಾಗಿ ನೇತಾಡುತ್ತಿದ್ದವು.

ಸುಳ್ಳು ಹೇಳಿದ್ದಕ್ಕೆ ನನ್ನಿಂದ ಅಂಗೈಗೆ ಏಟು ತಿಂದವರು ಇದನ್ನು ಓದುತ್ತಿದ್ದೀರಿ. ನನಗೆ ಪತ್ರ ಬರೆಯುವುದಿದ್ದರೆ ಬರೆಯಿರಿ.

ಮೊನ್ನೆ ಫೋನ್ ಮಾಡಿದವನಿಗೆ ಮೊದಲು ಗಾಳಿ ನೋಡಿಸಲು ಹೇಳಿದೆ: ಬೆಳಿಗ್ಗೆ, ಟೈರು ತಣ್ಣಗಿರುವಾಗ, ನಾಲ್ಕನ್ನೂ, ಸ್ಟೆಪ್ನಿಯನ್ನೂ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯನ್ನೂ ನೋಡಿಕೊಳ್ಳಲು ಹೇಳಿದೆ. ಮೊದಲೆರಡು ವಾರ, ಕೊನೆಯೆರಡು ವರ್ಷ, 3521 ಎಂದರೆ 2021ರ ಮೂವತ್ತೈದನೆಯ ವಾರದಲ್ಲಿ ತಯಾರಾದದ್ದು. ಆಮೇಲೆ ಅಲೈನ್‌ಮೆಂಟ್ ಮಾಡಿಸಿ ಅದರ ಮುದ್ರಿತ ಹಾಳೆಯನ್ನು ದೂರಿನ ಜೊತೆ ಇಡಲು ಹೇಳಿದೆ. ಕೊನೆಗೆ, "ಎಲ್ಲಾದರೂ ಗುಂಡಿಗೆ ಬಿತ್ತೇನಪ್ಪ?" ಎಂದು ಕೇಳಿದೆ.

ಒಂದು ಕ್ಷಣ ತಡೆದು, "ಇಲ್ಲ ಸಾರ್" ಎಂದ.

ಎರಡನೆಯ ಸಲ ಕೇಳಲಿಲ್ಲ.