ಭಾರತದ ಮೊದಲ ಆಸ್ಕರ್ ಬಟ್ಟೆಗೆ ಬಂದದ್ದು

ಆಸ್ಕರ್ ಬಂತೆಂದರೆ ಸಿನಿಮಾ ಗೆಳೆಯರ ಮಾತೆಲ್ಲ ರೆಡ್ ಕಾರ್ಪೆಟ್ ಸುತ್ತಲೇ: ಯಾರ ಗೌನ್ ಚೆಂದ, ಯಾರ ಸೂಟ್ ಸಪ್ಪೆ. ನನಗೂ ಆ ಹರಟೆ ಇಷ್ಟ. ಆದರೆ ಅದೇ ರಾತ್ರಿ ವಸ್ತ್ರವಿನ್ಯಾಸಕ್ಕೂ ಒಂದು ಪ್ರಶಸ್ತಿ ಇದೆ. ಭಾರತೀಯರೊಬ್ಬರಿಗೆ ಸಿಕ್ಕ ಮೊದಲ ಆಸ್ಕರ್ ಅದೇ. 1983ರಲ್ಲಿ ‘ಗಾಂಧಿ’ ಚಿತ್ರಕ್ಕಾಗಿ ಜಾನ್ ಮೊಲ್ಲೊ ಜೊತೆ ಅದನ್ನು ಪಡೆದವರು ಕೊಲ್ಹಾಪುರದ ಭಾನು ಅಥೈಯಾ.

ಆ ಚಿತ್ರವನ್ನು ಇನ್ನೊಮ್ಮೆ ನೋಡಿ. ದಕ್ಷಿಣ ಆಫ್ರಿಕಾದ ರೈಲಿನಲ್ಲಿ ಕೋಟು, ಟೈ ತೊಟ್ಟ ಬ್ಯಾರಿಸ್ಟರ್. ಕೊನೆಗೆ ಸೊಂಟಕ್ಕೊಂದು ತುಂಡು ಖಾದಿ, ಹೆಗಲಿಗೊಂದು ಶಾಲು. ಮನುಷ್ಯ ಬದಲಾದ ಕಥೆಯನ್ನು ಸಂಭಾಷಣೆಗಿಂತ ಮೊದಲೇ ಬಟ್ಟೆ ಹೇಳಿಬಿಡುತ್ತದೆ.

ಮುಂದಿನ ಸಲ ನಾಮಿನೇಷನ್ ಪಟ್ಟಿ ಬಂದಾಗ ಆ ವಿಭಾಗದ ಐದು ಚಿತ್ರಗಳನ್ನೂ ನೋಡೋಣ. ಹೊಲಿದವರ ಹೆಸರೂ ನಮ್ಮ ಬಾಯಲ್ಲಿ ಬರಲಿ.