ಕೆಂಗಲ್ಲಿನ ದಾರಿಯಲ್ಲಿ ಒಂದು ಹಳೆಯ ಗಾಡಿ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ರಾಮನಗರವನ್ನು ದಾಟಿ ಚನ್ನಪಟ್ಟಣವನ್ನು ಸೇರುವುದಕ್ಕೆ ಮುಂಚೆ ಕೆಂಗಲ್ ಎಂಬ ಸಣ್ಣ ಸ್ಥಳವೊಂದುಂಟು. ಕೆಂಪು ಎಂಬುದಕ್ಕೆ ಕಲ್ ಎಂಬುದು ಸೇರಿ, ಕಕಾರಕ್ಕೆ ಗಕಾರವು ಆದೇಶವಾಗಿ ಬಂದು ಕೆಂಗಲ್ ಎಂದಾಗಿದೆ. ಕೆಂದಾವರೆ, ಕೆಂಗಣ್ಣು ಎಂಬ ಶಬ್ದಗಳ ಜಾತಿಗೆ ಸೇರಿದ್ದು. ಬಹುಕಾಲ ಹುಡುಗರಿಗೆ ಸಂಧಿ ಸಮಾಸಗಳನ್ನು ಹೇಳಿಕೊಟ್ಟ ನಾಲಗೆಯಾದುದರಿಂದ, ಊರಿನ ಹೆಸರು ಕಂಡೊಡನೆ ಅದನ್ನು ಬಿಡಿಸಿ ನೋಡುವ ಚಾಪಲ್ಯ ನಿವೃತ್ತಿಯಾದ ಮೇಲೂ ನಮಗೆ ಹೋಗಿಲ್ಲ. ವಾಚಕರು ಮನ್ನಿಸಬೇಕು.

ಇಲ್ಲಿಯ ಆಂಜನೇಯಸ್ವಾಮಿಯ ಗುಡಿಯನ್ನು ಸುತ್ತಿನ ಹಳ್ಳಿಗಳವರು ಅಯ್ಯನಗುಡಿ ಎಂದು ಕರೆಯುತ್ತಾರೆ. 1952ರಿಂದ 1956ರ ವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದು ವಿಧಾನಸೌಧವನ್ನು ಕಟ್ಟಿಸಿದ ಹನುಮಂತಯ್ಯನವರು ಈ ಸ್ಥಳದ ಹೆಸರನ್ನೇ ತಮ್ಮ ಹೆಸರಿನ ಮುಂದೆ ಧರಿಸಿಕೊಂಡವರು; ಗುಡಿಯ ಜೀರ್ಣೋದ್ಧಾರದಲ್ಲಿಯೂ ಅವರ ಕೈಯುಂಟು. ಸಂಕ್ರಾಂತಿಯ ಸುಮಾರಿಗೆ ಇಲ್ಲಿ ದನಗಳ ಜಾತ್ರೆ ಕೂಡುತ್ತದೆ. ಕೊಂಬಿಗೆ ಬಣ್ಣ ಬಳಿದ ಹಳ್ಳಿಕಾರ್ ಹೋರಿಗಳು, ಹುಲ್ಲಿನ ಹೊರೆಗಳು, ಬೆಳಗಿನ ಜಾವದ ಚಳಿಯಲ್ಲಿ ಸೌದೆಯ ಹೊಗೆ — ನಮ್ಮ ಬಾಲ್ಯದ ಜನವರಿ ಎಂದರೆ ಇದೇ.

2023ರ ಮಾರ್ಚಿಯಲ್ಲಿ ಬೆಂಗಳೂರು-ಮೈಸೂರು ನಡುವಿನ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅದು ರಾಮನಗರ, ಚನ್ನಪಟ್ಟಣಗಳೆರಡನ್ನೂ ಹೊರಗಿನಿಂದ ಬಳಸಿಕೊಂಡು ಹೋಗುತ್ತದೆ. ಅದೇ ವರ್ಷದ ಆಗಸ್ಟಿನಿಂದ ಅದರ ಮುಖ್ಯ ಪಥಗಳಲ್ಲಿ ಸ್ಕೂಟರು, ಆಟೋ, ಟ್ರಾಕ್ಟರುಗಳಿಗೆ ಪ್ರವೇಶವಿಲ್ಲ. ಅವಸರದವರೆಲ್ಲ ಅತ್ತ ಹೋದರು. ನಿಧಾನದವರು ಹಳೆಯ ರಸ್ತೆಗೆ ಉಳಿದರು. ನಿಧಾನದವರ ಪೈಕಿ ನಾವೂ ಒಬ್ಬರು, ನಮ್ಮ ಗಾಡಿಯೂ ಒಂದು. ಆ ಗಾಡಿಯ ವೃತ್ತಾಂತವನ್ನು ಹೇಳುವುದಕ್ಕಾಗಿಯೇ ಇಷ್ಟು ಪೀಠಿಕೆ.

ನಮ್ಮ ತಂದೆಯವರು ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೂ, ಬೇಸಗೆಯಲ್ಲಿ ಮಾವಿನಕಾಯನ್ನು ಮಂಡಿಗೂ ಸಾಗಿಸುವುದಕ್ಕಾಗಿ 1974ರಲ್ಲಿ ಒಂದು ಪಿಕಪ್ ಗಾಡಿಯನ್ನು ಎರಡನೆಯ ಕೈಯಿಂದ ಕೊಂಡರು. ಮೊದಲು ನೋಂದಣಿಯಾದದ್ದು 1969ರಲ್ಲಿ. ಫಲಕದ ಮೇಲೆ ಹಳೆಯ ಮೈಸೂರಿನ ‘ಎಂ. ವೈ.’ ಅಕ್ಷರಗಳು. ಅಮೆರಿಕದ ವಿಲ್ಲಿಸ್ ಕಂಪನಿಯವರ ವಿನ್ಯಾಸವನ್ನು ತಂದು ಮಹೀಂದ್ರ ಕಂಪನಿಯವರು 1965ರಿಂದ ನಮ್ಮ ದೇಶದಲ್ಲಿ ತಯಾರಿಸಿದ ಎಫ್. ಸಿ. 150 ಎಂಬ ಮಾದರಿ ಅದು. ಜೀಪಿಗಿರುವಂತೆ ಇದಕ್ಕೆ ಮೂಗಿಲ್ಲ. ಚಾಲಕನು ಮುಂದಿನ ಚಕ್ರಗಳ ಮೇಲೆಯೇ ಕುಳಿತಿರುತ್ತಾನೆ. ಎಂಜಿನ್ನು ಅವನ ಪಕ್ಕದಲ್ಲಿ, ಎರಡು ಆಸನಗಳ ನಡುವೆ, ಒಂದು ತಗಡಿನ ಮುಚ್ಚಳದ ಕೆಳಗೆ. ಚಳಿಗಾಲದಲ್ಲಿ ಸುಖ, ಬೇಸಗೆಯಲ್ಲಿ ಪ್ರಾಯಶ್ಚಿತ್ತ. ಭಾರವೆಲ್ಲ ಮುಂದೆ ಬಿದ್ದುದರಿಂದ, ಗಾಡಿ ಖಾಲಿಯಿದ್ದಾಗ ಜೋರಾಗಿ ಬ್ರೇಕು ಒತ್ತಿದರೆ ಹಿಂಭಾಗ ಹಗುರವಾಗಿ ಎದ್ದಂತಾಗುವುದು. ಅಮೆರಿಕದವರೇ ಈ ದೋಷವನ್ನು ಕಂಡುಕೊಂಡು ಹಿಂದಿನ ಅಚ್ಚಿನ ಮೇಲೆ ತೂಕದ ಕಬ್ಬಿಣವನ್ನು ಕೂಡಿಸುತ್ತಿದ್ದರಂತೆ. ನಮ್ಮ ತಂದೆಯವರು ಮರಳಿನ ಚೀಲಗಳನ್ನು ಹಾಕುತ್ತಿದ್ದರು.

1993ರಲ್ಲಿ ಎಂಜಿನ್ನು ಹಿಡಿದುಕೊಂಡು ಗಾಡಿ ನಿಂತಿತು. ಮರುವರ್ಷ ತಂದೆಯವರು ತೀರಿಕೊಂಡರು. ಅದಾದ ಆರು ತಿಂಗಳಿಗೆ ಮನೆ ಪಾಲಾಯಿತು. ಕೆಂಗಲ್ಲಿಗೆ ಹತ್ತಿರದ ತೋಟವೂ, ಅದರಲ್ಲಿ ಹುಣಿಸೆಮರದ ಕೆಳಗೆ ನಿಂತಿದ್ದ ಗಾಡಿಯೂ ಅಣ್ಣನವರ ಪಾಲಿಗೆ ಹೋದವು. ಪಾಲಿನ ಸಮಯದಲ್ಲಿ ನಮ್ಮ ತಾಯಿಯ ಒರಳುಕಲ್ಲು ಎಲ್ಲಿಯೂ ಸಿಕ್ಕಲಿಲ್ಲ. ಸಣ್ಣ ವಸ್ತು, ಬೆಲೆ ಕಟ್ಟಿದರೆ ನೂರು ರೂಪಾಯಿಯೂ ಆಗದು. ಆದರೆ ಅದನ್ನು ಬಚ್ಚಿಟ್ಟವರು ಅತ್ತಿಗೆಯವರೆಂದು ನಮ್ಮ ಮನೆಯಲ್ಲಿಯೂ, ಹೊತ್ತುಕೊಂಡು ಹೋದವರು ನಮ್ಮ ಮನೆಯವರೆಂದು ಅವರ ಮನೆಯಲ್ಲಿಯೂ ನಿಶ್ಚಯವಾಯಿತು. ಮದುವೆ ಮುಂಜಿಗಳಲ್ಲಿ ಪರಸ್ಪರ ಕುಂಕುಮ ಕೊಟ್ಟರು, ಮಾತು ಮಾತ್ರ ಅಷ್ಟಕ್ಕಷ್ಟೆ. ನಾವು ಮತ್ತು ಅಣ್ಣನವರು ಈ ವಿಷಯವನ್ನು ಒಂದು ದಿನವೂ ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಾಗುತ್ತಿತ್ತೋ ಏನೋ. ಎರಡು ವರ್ಷಗಳ ಹಿಂದೆ ಅವರೂ ಹೋದರು.

ಕಳೆದ ವರ್ಷ ಗುಜರಿಯವನೊಬ್ಬನು ತೋಟಕ್ಕೆ ಬಂದು ಗಾಡಿಗೆ 28,000 ರೂಪಾಯಿ ಹೇಳಿದನು. ಅಣ್ಣನ ಮಗ ನಮಗೆ ಸುದ್ದಿ ಮುಟ್ಟಿಸಿದನು. ನಾವು ಹೋಗಿ ನೋಡಿದೆವು. ಟೈರುಗಳು ಮಣ್ಣಿನೊಳಗೆ ಹೂತಿದ್ದವು. ಬಾಗಿಲಿನ ಕೆಳಭಾಗ ತುಕ್ಕಿನಿಂದ ಜರಡಿಯಂತಾಗಿತ್ತು. ಹಿಂದಿನ ತೊಟ್ಟಿಯಲ್ಲಿ ಮೂವತ್ತು ವರ್ಷದ ಹುಣಿಸೆ ಎಲೆ ಕೊಳೆತು ಗೊಬ್ಬರವಾಗಿ, ಅದರ ಮೇಲೆ ತುಂಬೆಯ ಗಿಡಗಳು ಬೆಳೆದಿದ್ದವು. ಇದನ್ನು ಮತ್ತೆ ಓಡಿಸೋಣವೆಂದು ನಮ್ಮ ಬಾಯಿಂದ ಹೇಗೆ ಹೊರಟಿತೋ ನಮಗೇ ತಿಳಿಯದು. ಅತ್ತಿಗೆಯವರು ನಮ್ಮ ಮುಖವನ್ನೇ ನೋಡಿ, “ಒಂದು ಲಕ್ಷದೊಳಗೆ ಆಗೋದಾದರೆ ಮಾಡಪ್ಪಾ. ಅದರ ಮೇಲೆ ಒಂದು ರೂಪಾಯಿ ಹೋದರೂ ಗುಜರಿಗೇ ಹಾಕೋದು. ಗೊತ್ತಾಯಿತಾ?” ಎಂದರು. ಹಣ ನಮ್ಮದು, ಗಾಡಿ ಅವರದು. ಒಪ್ಪಿಕೊಂಡೆವು.

ಅಣ್ಣನ ಮಗನ ಉದ್ದೇಶ ಬೇರೆಯಿತ್ತು. ಡೀಸೆಲ್ ಎಂಜಿನ್ನು ಕೂಡಿಸಬೇಕು, ಅಗಲವಾದ ಚಕ್ರ ಹಾಕಿಸಬೇಕು, ತಲೆಯ ಮೇಲಿನ ತಗಡನ್ನು ಕತ್ತರಿಸಿ ತೆಗೆಯಬೇಕು ಎಂದು ಫೋನಿನಲ್ಲಿ ಚಿತ್ರಗಳನ್ನು ತೋರಿಸಿದನು. ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸಕೂಡದು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿದಿದೆ. ಇದನ್ನು ಹೇಳಿದೆವು. “ಹಾಗಾದರೆ ರಿಪೇರಿ ಮಾಡೋದೂ ಬದಲಾಯಿಸಿದಂಗೇ ಅಲ್ಲವಾ ಚಿಕ್ಕಪ್ಪ? ಅರ್ಧ ಸಾಮಾನು ಹೊಸದೇ ಬರುತ್ತೆ” ಎಂದನು. ಈ ಪ್ರಶ್ನೆ ಹೊಸದಲ್ಲ. ನಾಗಸೇನನೆಂಬ ಭಿಕ್ಷುವು ಮಿಲಿಂದನೆಂಬ ಯವನರಾಜನನ್ನು, ನೀನು ಬಂದ ರಥವೆಂದರೆ ಯಾವುದು, ಅಚ್ಚೋ, ಚಕ್ರವೋ, ನೊಗವೋ, ಎಂದು ಕೇಳಿ ಬೆವರಿಳಿಸಿದ ಕಥೆಯನ್ನು ಅವನಿಗೆ ಹೇಳಿದೆವು. ಹುಡುಗನು ಕೇಳಿಸಿಕೊಂಡು, “ಸರಿ, ಡೀಸೆಲ್ ಬೇಡ” ಎಂದನು. ಕಥೆಯಿಂದ ಮನಸ್ಸು ತಿರುಗಿತೋ, ಡೀಸೆಲ್ ಎಂಜಿನ್ನಿನ ಬೆಲೆಯಿಂದ ತಿರುಗಿತೋ ವಿಚಾರಿಸಲಿಲ್ಲ.

ಕೆಲಸಕ್ಕೆ ರಾಮನಗರದ ಒಬ್ಬ ವೃದ್ಧ ಮೇಸ್ತ್ರಿ ಸಿಕ್ಕಿದರು. ಯೌವನವೆಲ್ಲ ಜೀಪುಗಳ ಕೆಳಗೆ ಮಲಗಿ ಕಳೆದವರು. ಅವರು ಹೇಳಿದ ಮೊದಲ ಮಾತೇ ನಮಗೆ ಧೈರ್ಯ ಕೊಟ್ಟಿತು. ಈ ಗಾಡಿಯ ದೇಹ ಅಪರೂಪವಾದರೂ, ಎಂಜಿನ್ನು ಆ ಕಾಲದ ಪೆಟ್ರೋಲ್ ಜೀಪಿನದೇ: ನಾಲ್ಕು ಸಿಲಿಂಡರು, ಸುಮಾರು 2,200 ಸಿ. ಸಿ. ಜೀಪು ಬಹುಕಾಲ ತಯಾರಾದುದರಿಂದ ಅದರ ಬಿಡಿಭಾಗಗಳು ಇಂದಿಗೂ ಬೆಂಗಳೂರಿನ ಜೆ. ಸಿ. ರಸ್ತೆಯ ಅಂಗಡಿಗಳಲ್ಲಿಯೂ, ಶಿವಾಜಿನಗರದ ಗುಜರಿಯಲ್ಲಿಯೂ ಹುಡುಕಿದರೆ ದೊರೆಯುತ್ತವೆ. ಅಗ್ಗವಾಗಿ ಹಳೆಯ ಗಾಡಿ ಮಾಡಿಸಬೇಕೆನ್ನುವವರು ಮೊದಲು ವಿಚಾರಿಸಬೇಕಾದದ್ದು ಇದನ್ನೇ. ಯಾವ ಗಾಡಿಗೆ ಬಂಧುಬಳಗ ಹೆಚ್ಚೋ ಆ ಗಾಡಿ ಬದುಕುತ್ತದೆ.

ಸಿಲಿಂಡರುಗಳೊಳಗೆ ಸೀಮೆಎಣ್ಣೆಯನ್ನೂ ಎಂಜಿನ್ ಎಣ್ಣೆಯನ್ನೂ ಬೆರೆಸಿ ಪ್ಲಗ್ಗಿನ ರಂಧ್ರದಿಂದ ಹೊಯ್ದು ಬಿಟ್ಟರು. ದಿನಕ್ಕೊಮ್ಮೆ ಪುಲ್ಲಿಗೆ ಸ್ಪ್ಯಾನರ್ ಹಾಕಿ, ಬಲವಂತವಿಲ್ಲದೆ, ಅತ್ತಿತ್ತ ಅಲುಗಿಸಿ ನೋಡುವುದು. ಒಂಬತ್ತು ದಿನ ಅದು ಕಲ್ಲಿನಂತಿತ್ತು. ಹತ್ತನೆಯ ದಿನ ಒಂದು ಬೆರಳಿನಷ್ಟು ತಿರುಗಿತು. ಮೇಸ್ತ್ರಿ ಸ್ಪ್ಯಾನರನ್ನು ಕೆಳಗಿಟ್ಟು ಬೀಡಿ ಹಚ್ಚಿದರು. ಆ ದಿನ ಬೇರೆ ಕೆಲಸ ನಡೆಯಲಿಲ್ಲ.

ಪೆಟ್ರೋಲ್ ಟ್ಯಾಂಕಿನ ಒಳಗಿನ ತುಕ್ಕಿಗೆ ಉಪಾಯ ಹೇಳಿದವರು ನಮ್ಮ ಮನೆಯವರು. ಹಿತ್ತಾಳೆಯನ್ನು ಬೆಳಗುವ ಹುಣಿಸೆಹುಳಿಗೆ ಕಬ್ಬಿಣದ ತುಕ್ಕೇನು ದೊಡ್ಡದು? ಹುಳಿನೀರನ್ನೂ ಒಂದು ಹಿಡಿ ಜಲ್ಲಿಯನ್ನೂ ಹಾಕಿ, ಎರಡು ದಿನ ಆಗಾಗ ಕುಲುಕಿ, ಚೆಲ್ಲಿ, ಸೋಡದ ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿದೊಡನೆ ಪೆಟ್ರೋಲಿನಿಂದ ಒಮ್ಮೆ ಅಲಸಿದೆವು. ತಡಮಾಡಿದರೆ ಬರಿಯ ಕಬ್ಬಿಣಕ್ಕೆ ಮತ್ತೆ ತುಕ್ಕು ಹಿಡಿಯುತ್ತದೆ. ಹುಣಿಸೆ ಅದೇ ಮರದ್ದು. ಮೂವತ್ತು ವರ್ಷ ಗಾಡಿಯ ಮೇಲೆ ಎಲೆ ಸುರಿಸಿದ ಮರ ಸಾಲ ತೀರಿಸಿತು. ಈಗಿನ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆಸುವುದರಿಂದ ಹಳೆಯ ರಬ್ಬರಿನ ಕೊಳವೆಗಳು ಊದಿ ಬಿರಿಯುತ್ತವೆಂದು ಅವನ್ನೆಲ್ಲ ತೆಗೆದು ಹೊಸ ಜಾತಿಯವನ್ನು ಹಾಕಿಸಿದೆವು. ಬ್ರೇಕಿನ ವಿಷಯದಲ್ಲಂತೂ ಮೇಸ್ತ್ರಿ ಚೌಕಾಶಿಗೆ ಒಪ್ಪಲೇ ಇಲ್ಲ. “ಮೇಷ್ಟ್ರೇ, ಓಡದೇ ಇದ್ದರೆ ನಷ್ಟ ಇಲ್ಲ, ನಿಲ್ಲದೇ ಇದ್ದರೆ?” ಎಂದರು.

ತೊಟ್ಟಿಯನ್ನು ಬರಿದುಮಾಡಿದ್ದು ಒಂದು ಭಾನುವಾರ. ಅಣ್ಣನ ಮಗನು ಗೊಬ್ಬರವನ್ನು ಗುದ್ದಲಿಯಿಂದ ಎಳೆದು ತೆಂಗಿನ ಬುಡಕ್ಕೆ ಹಾಕುತ್ತಿದ್ದನು. ಕೆಳಗೆ ತಂದೆಯವರ ಮರಳಿನ ಚೀಲಗಳು ಹರಿದು ಹರಡಿದ್ದವು. ಗುದ್ದಲಿ ಠಣ್ ಎಂದಿತು. ಮರಳನ್ನು ಸರಿಸಿದರೆ ಒರಳುಕಲ್ಲು, ಪಕ್ಕದಲ್ಲಿ ಗುಂಡು. ಒಂದು ಕಡೆ ಅಂಚು ಒಡೆದ ಗುರುತಿನಿಂದ ನೋಡಿದೊಡನೆಯೇ ತಿಳಿಯಿತು. 1991ರಲ್ಲಿ ತಾಯಿ ತೀರಿಕೊಂಡ ಮೇಲೆ ಅಡಿಗೆಮನೆಗೆ ವಿದ್ಯುತ್ ಯಂತ್ರ ಬಂದಿತ್ತು. ಬಳಕೆಯಿಲ್ಲದ ಒರಳನ್ನು ತಂದೆಯವರು ಗಾಡಿಯ ಹಿಂಭಾರಕ್ಕೆಂದು ಚೀಲಗಳ ಅಡಿಯಲ್ಲಿಟ್ಟು, ಯಾರಿಗೂ ಹೇಳದೆ ಹೋಗಿದ್ದರು. ನಮ್ಮ ಮನೆಯವರು ಹುಳಿನೀರಿನ ಕೈಯಲ್ಲಿಯೇ ಬಂದು ನಿಂತರು. ಅತ್ತಿಗೆಯವರೂ ಜಗಲಿಯಿಂದ ಇಳಿದು ಬಂದರು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ನಾವು ಮರ ನೋಡುವವರಂತೆ ಮರವನ್ನು ನೋಡಿದೆವು. ಆಮೇಲೆ ಅತ್ತಿಗೆಯವರು, “ಮಾವ ಮಾಡಿದ ಕೆಲಸ ನೋಡೇ” ಎಂದರು. “ಹೂಂ ಅಕ್ಕ” ಎಂದರು ಇವರು. ಇಷ್ಟೇ. ಇಬ್ಬರೂ ಕೂಡಿ ಅದನ್ನು ತೊಳೆಯುವುದಕ್ಕೆ ನೀರು ಸೇದಿದರು.

ಇನ್ನು ಅಲಂಕಾರ. ತಗಡಿನ ತೂತುಗಳಿಗೆ ತೇಪೆ ಬೆಸೆದು ಹಳೆಯ ಹಸುರು ಬಣ್ಣವನ್ನೇ ಬಳಿಸಿದೆವು. ತೊಟ್ಟಿಯ ತಳಕ್ಕೆ ಎತ್ತಿನಗಾಡಿ ಮಾಡುವ ಬಡಗಿಯೊಬ್ಬನು ಜಾಲಿಯ ಹಲಗೆಗಳನ್ನು ಜೋಡಿಸಿಕೊಟ್ಟನು. ಗೇರಿನ ಕಡ್ಡಿಯ ತುದಿಯ ಗುಂಡು ಒಡೆದುಹೋಗಿತ್ತು. ಚನ್ನಪಟ್ಟಣ ಹತ್ತಿರವಿರುವಾಗ ಪ್ಲಾಸ್ಟಿಕ್ಕಿನದೇಕೆ? ಗೊಂಬೆ ಮಾಡುವ ಒಬ್ಬರ ಬಳಿಗೆ ಹೋದೆವು. ಹಾಲೆಮರದ ತುಂಡನ್ನು ಯಂತ್ರಕ್ಕೆ ಕೂಡಿಸಿ ತಿರುಗಿಸುತ್ತ ಉಳಿಯಿಂದ ಕಡೆದು, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜುವಿಕೆಯ ಶಾಖಕ್ಕೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿಯಿಂದ ತೀಡಿದರೆ ಕನ್ನಡಿಯ ಹೊಳಪು. ಎಷ್ಟು ಸಲ ನೋಡಿದರೂ ನಮಗೆ ಬೇಸರವಾಗದ ವಿದ್ಯೆ. ಎಂಜಿನ್ನು ಪಕ್ಕದಲ್ಲೇ ಇದೆಯೆಂದು ಕೇಳಿ ಅವರು, “ಬಿಸಿ ತಗುಲೋ ಕಡೆ ಅರಗು ನಿಲ್ಲೋದಿಲ್ಲ, ಬರೀ ಮರ ಮಾಡಿಕೊಡ್ತೀನಿ” ಎಂದರು. ನಮಗೆ ಕೆಂಪೇ ಬೇಕಾಗಿತ್ತು. ಮೊದಲನೆಯ ಬೇಸಗೆಯ ಮಧ್ಯಾಹ್ನದ ಸವಾರಿಯಲ್ಲಿ ಅದು ಮೆತ್ತಗಾಗಿ, ಅಣ್ಣನ ಮಗನ ಅಂಗೈಯ ರೇಖೆಗಳೆಲ್ಲ ಅದರ ಮೇಲೆ ಮೂಡಿದವು. ಈಗ ಬರೀ ಮರದ್ದೇ ಇದೆ. ಆ ಕೆಂಪು ಗುಂಡು ನಮ್ಮ ಮೇಜಿನ ಮೇಲೆ ಕಾಗದಗಳಿಗೆ ಭಾರವಾಗಿದೆ.

ಲೆಕ್ಕ ಹೀಗೆ ನಿಂತಿತು: ಎಂಜಿನ್ನು 38,000, ಬ್ರೇಕು 14,500, ತಗಡು ಬಣ್ಣ 22,000, ತಂತಿ ಬ್ಯಾಟರಿ 9,500, ಎರಡನೆಯ ಕೈಯ ಟೈರುಗಳು 10,000, ಹಲಗೆ 4,000, ಎರಡು ಗುಂಡುಗಳಿಗೆ 300. ಒಟ್ಟು 98,300 ರೂಪಾಯಿ. ಗೆದ್ದೆವೆಂದುಕೊಂಡೆವು, ನೋಂದಣಿಯನ್ನು ಮರೆತಿದ್ದೆವು. 2021ರ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿಯೇ ಇರುವ ಸ್ವಂತ ಬಳಕೆಯ ಗಾಡಿಯನ್ನು ‘ವಿಂಟೇಜ್’ ಎಂದು ಹತ್ತು ವರ್ಷಕ್ಕೆ ನೋಂದಾಯಿಸಬಹುದು; ಶುಲ್ಕ 20,000. ಆದರೆ ಅಂಥ ಗಾಡಿ ಪ್ರದರ್ಶನಕ್ಕೂ ರ್‍ಯಾಲಿಗೂ ದುರಸ್ತಿಗೂ ಹೊರಡಬಹುದೇ ಹೊರತು ನಿತ್ಯದ ಓಡಾಟಕ್ಕೆ ಸಲ್ಲದು. ಜಾತ್ರೆಗೆ ಹುಲ್ಲು ಹೊರಲಾರದ ಗಾಡಿ ನಮ್ಮ ತಂದೆಯವರದು ಹೇಗಾದೀತು? ಹಳೆಯ ಸಂಖ್ಯೆಯನ್ನೇ ಸಾಮಾನ್ಯ ರೀತಿಯಲ್ಲಿ ನವೀಕರಿಸೋಣವೆಂದು ನಿಶ್ಚಯಿಸಿದೆವು. ವಾರಸುದಾರಿಕೆಯ ಪತ್ರ, ತಪಾಸಣೆ, ವಿಮೆ, ಹಸಿರು ತೆರಿಗೆ, ತಡದ ದಂಡ ಎಲ್ಲ ಸೇರಿ ಒಂದು ಲಕ್ಷದ ಗೆರೆ ದೂರ ಹಿಂದೆ ಉಳಿಯಿತು. ತಲೆತಗ್ಗಿಸಿ ಅತ್ತಿಗೆಯವರಿಗೆ ಲೆಕ್ಕ ಒಪ್ಪಿಸಿದೆವು. ಅವರು ಮಾವಿನ ಗುತ್ತಿಗೆಯ ಹಣದಿಂದ ನೋಟುಗಳನ್ನು ಎಣಿಸಿ ಇಟ್ಟು, “ನಾನು ಹೇಳಿದ್ದು ಗಾಡಿ ಖರ್ಚಿಗೆ. ಕಾಗದದ ಖರ್ಚಿಗಲ್ಲ” ಎಂದರು.

ಈ ಸಲದ ಸಂಕ್ರಾಂತಿಗೆ ಮುಂಚೆ ಕೆಂಗಲ್ಲಿಗೆ ಹೊರಟೆವು. ಅಣ್ಣನ ಮಗ ಚಾಲಕ, ಎಂಜಿನ್ನಿನ ಆಚೆ ಅತ್ತಿಗೆಯವರು. ನಾವೂ ನಮ್ಮ ಮನೆಯವರೂ ಸ್ಕೂಟರಿನಲ್ಲಿ ಹಿಂದೆ. ಹೊರಡುವ ಮುಂಚೆ ಒರಳುಕಲ್ಲು ಯಾರಿಗೆಂಬ ಮಾತು ಬಂತು. “ನೀನೇ ತೆಗೆದುಕೊಂಡು ಹೋಗಮ್ಮ” ಎಂದರು ಅತ್ತಿಗೆಯವರು. “ಬೇಡ ಅಕ್ಕ, ನಿಮ್ಮಲ್ಲೇ ಇರಲಿ” ಎಂದರು ಇವರು. ಮೇಸ್ತ್ರಿ ಹಿಂದಿನ ಚಕ್ರಕ್ಕೆ ಗಾಳಿ ನೋಡುತ್ತಿದ್ದವರು ತಲೆಯೆತ್ತಿ, ಅದನ್ನು ತೆಗೆದರೆ ಖಾಲಿ ಗಾಡಿ ಬ್ರೇಕಿಗೆ ಕುಣಿಯುತ್ತದೆ, ಇದ್ದಲ್ಲೇ ಇರಲಿ ಎಂದರು. ಹಲಗೆಗೆ ಎರಡು ಕಬ್ಬಿಣದ ಪಟ್ಟಿ ಬಿಗಿದು ಅದನ್ನು ಅಲ್ಲಿಯೇ ಕೂಡಿಸಿದ್ದೇವೆ. ಹಳೆಯ ರಸ್ತೆ ಖಾಲಿಯಿತ್ತು. ಗುಡಿಯ ಮುಂದೆ ಗಾಡಿ ನಿಂತಾಗ ಹೋರಿಗಳ ಹತ್ತಿರದಿಂದ ಒಬ್ಬ ಮುದುಕರು ಎದ್ದು ಬಂದು, ಮೊಂಡು ಮೂತಿಯನ್ನು ಕೈಯಿಂದ ತಟ್ಟಿ, ಇದು ಇನ್ನೂ ಇದೆಯಾ ಎಂದು ಕೇಳಿ, ಚೆನ್ನಪಟ್ಟಣದ ವರೆಗೆ ಎರಡು ಹೊರೆ ಹುಲ್ಲು ಹಾಕಿಕೊಂಡು ಬರುತ್ತೀರಾ ಎಂದರು. ಬಾಡಿಗೆ ತೆಗೆದುಕೊಳ್ಳುವ ಹಾಗಿಲ್ಲ, ಸುಮ್ಮನೆ ಹಾಕಿ ಎಂದೆವು.