ಉಗ್ರಾಣದ ಜಾಡಿ

ದೇವರು, ಗುರು, ಬಸುರಿ, ರೋಗಿ—ಇವರನ್ನು ಬರಿಗೈಯಲ್ಲಿ ಕಾಣಬಾರದೆಂಬುದು ನಮ್ಮ ಹಿರಿಯರ ಕಟ್ಟಳೆ. ಮೊದಲ ಮೂವರಿಗೆ ಏನನ್ನು ಒಯ್ಯಬೇಕೆಂಬ ವಿಷಯದಲ್ಲಿ ಮೈಸೂರಿಗರಲ್ಲಿ ಭಿನ್ನಾಭಿಪ್ರಾಯವಿರಬಹುದು. ರೋಗಿಗೆ ಮಾತ್ರ ಸೇಬೇ ಸೈ. ಕಳೆದ ವರ್ಷ ದಸರಾ ಮುಗಿದ ವಾರದಲ್ಲಿ ನನ್ನ ತಂದೆಯವರು ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ ಸರಸ್ವತೀಪುರಂನ ಮನೆಗೆ ಬಂದ ದಿನದಿಂದ ದೇವರಾಜ ಮಾರುಕಟ್ಟೆಯ ಸೇಬೆಲ್ಲ ನಮ್ಮ ನಡುಮನೆಗೆ ಇಳಿಯತೊಡಗಿತು. ತಂದೆಯವರಿಗೆ ಮಧುಮೇಹ, ತಾಯಿಗೆ ಹಲ್ಲಿಲ್ಲ, ಮಕ್ಕಳು ನಾಲ್ಕನೆಯ ದಿನವೇ ಊಟದ ಡಬ್ಬಿಯಿಂದ ಸೇಬಿನ ಹೋಳುಗಳನ್ನು ಹಾಗೆಯೇ ವಾಪಸು ತಂದರು.

ಹಣ್ಣಿಗಿಂತ ದೊಡ್ಡ ಚಿಂತೆ ಬೇರೆಯಿತ್ತು. ವಾಕರ್ ಹಿಡಿದು ದಿನವೂ ನಡೆಯಲೇಬೇಕೆಂದು ವೈದ್ಯರು ಹೇಳಿದ್ದರು. ತಂದೆಯವರು ನಾಲ್ಕು ಹೆಜ್ಜೆಯಿಟ್ಟು, ಹೆದರಿ, ಮಂಚಕ್ಕೆ ಮರಳಿದವರು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಮಾತೂ ನಿಂತಿತು.

ಮಿಕ್ಕ ಸೇಬಿನಿಂದ ಇಂಗ್ಲೆಂಡಿನ ರೈತರು ಸೈಡರ್ ಎಂಬ ಪೇಯವನ್ನು ಹುದುಗಿಸುತ್ತಾರೆಂದು ಒಂದು ಸಂಜೆ ಹೆಂಡತಿಗೆ ಹೇಳುತ್ತಿದ್ದೆ. (ಸಂಸ್ಕೃತದಲ್ಲಿ ಕಬ್ಬಿನ ಹಾಲಿನ ಮದ್ಯಕ್ಕೆ 'ಸೀಧು' ಎಂಬ ಹೆಸರಿದೆ. ಎರಡಕ್ಕೂ ನಂಟು ಕಟ್ಟುವ ಆಸೆಯಾದರೂ ಸೈಡರ್ ಹೀಬ್ರೂ ಮೂಲದ ಮಾತು.) ಗೋಡೆಯ ಕಡೆಯಿಂದ ದನಿ ಬಂತು: "ಪರವಾನಿಗೆ ಎಲ್ಲಿದೆಯೋ?"

ತಂದೆಯವರು ಮೂವತ್ತೆರಡು ವರ್ಷ ಅಬಕಾರಿ ಇಲಾಖೆಯಲ್ಲಿ ಗುಮಾಸ್ತರಾಗಿದ್ದವರು; ಒಂದು ತೊಟ್ಟು ಮದ್ಯವನ್ನೂ ಮುಟ್ಟಿದವರಲ್ಲ. ಮನೆಯಲ್ಲಿ ಪರವಾನಿಗೆಯಿಲ್ಲದೆ ಮದ್ಯ ಮಾಡುವುದು 1965ರ ಅಬಕಾರಿ ಕಾಯಿದೆಯ ಪ್ರಕಾರ ಅಪರಾಧವೆಂದು ಎದ್ದು ಕುಳಿತು ವಿವರಿಸಿದರು. ಹಾಗಾದರೆ ವಿನಿಗರ್ ಮಾಡೋಣವೆಂದೆ. ಎದುರುಮನೆಯ ಹಿರಿಯರು ಸಿ.ಎಫ್.ಟಿ.ಆರ್.ಐ.ಯಿಂದ ನಿವೃತ್ತರಾದವರು—1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಆ ಸಂಶೋಧನಾಲಯದಿಂದಾಗಿ ಮೈಸೂರಿನ ಬೀದಿಗೊಬ್ಬ ಆಹಾರಶಾಸ್ತ್ರಜ್ಞರು ಸಿಗುತ್ತಾರೆ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ, ಬಳಿಕ ಗಾಳಿಯ ನೆರವಿನಿಂದ ಬೇರೊಂದು ಜೀವಾಣು ಅದನ್ನು ಹುಳಿಯಾಗಿಸುತ್ತದೆ ಎಂದು ಅವರು ತಿಳಿಸಿದರು. "ಹಾಗಾದರೆ ನಡುವಿನ ದಿನಗಳಲ್ಲಿ ಅದು ಏನು?" ಎಂದರು ತಂದೆ. ಮೊದಲ ದಿನವೇ ವಿನಿಗರ್ ಬೆರೆಸಿ ಕುಡಿಯಲು ಬಾರದಂತೆ ಮಾಡಬೇಕೆಂಬುದು ಅವರ ವಾದ; ಆರಂಭದಲ್ಲೇ ಹುಳಿ ಹೆಚ್ಚಾದರೆ ಯೀಸ್ಟ್ ಏಳುವುದಿಲ್ಲವೆಂಬುದು ಎದುರುಮನೆಯವರ ವಾದ. ನೊರೆ ಅಡಗಿದ ದಿನವೇ ಬೆರೆಸುವುದೆಂದೂ ಅಲ್ಲಿಯವರೆಗೆ ಜಾಡಿಯ ಮೇಲ್ವಿಚಾರಣೆ ತಂದೆಯವರದೆಂದೂ ತೀರ್ಮಾನವಾಯಿತು.

ಆರು ಕಿಲೋ ಹಣ್ಣಿನ ಕೊಳೆತ ಭಾಗವನ್ನೆಲ್ಲ ಕೊಯ್ದೆಸೆದು, ಮಿಕ್ಸಿಯಲ್ಲಿ ರುಬ್ಬಿ, ಒಗೆದ ಹಳೆಯ ಪಂಚೆಯಲ್ಲಿ ಹಿಂಡಿದಾಗ ಸುಮಾರು ಮೂರು ಲೀಟರ್ ರಸ ದೊರೆಯಿತು. ಹಿತ್ತಾಳೆಯ ಕೊಳಗ ಬೇಡವೆಂದು ತಾಯಿ ತಡೆದರು. ಹುಳಿಗೆ ಹಿತ್ತಾಳೆ ಕಿಲುಬುವುದನ್ನು ಅವರಿಗೆ ಯಾವ ಶಾಸ್ತ್ರಜ್ಞರೂ ಹೇಳಿಕೊಡಬೇಕಿರಲಿಲ್ಲ. ಉಪ್ಪಿನಕಾಯಿಯ ದೊಡ್ಡ ಪಿಂಗಾಣಿ ಜಾಡಿಯನ್ನು ಬಿಸಿನೀರಿನಲ್ಲಿ ತೊಳೆದು, ಮುಕ್ಕಾಲು ತುಂಬಿ, ಬೇಕರಿಯಿಂದ ತಂದ ಯೀಸ್ಟ್ ಅರ್ಧ ಚಮಚ ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ ಉಗ್ರಾಣದಲ್ಲಿಟ್ಟೆವು. ಸಕ್ಕರೆ ಹಾಕಲಿಲ್ಲ, ಸೇಬಿನ ರಸದಲ್ಲಿ ಹತ್ತರಲ್ಲೊಂದು ಪಾಲು ಸಕ್ಕರೆ ತಾನಾಗಿಯೇ ಇರುತ್ತದೆ. ತಂದೆಯವರು ಲೆಕ್ಕದ ಪುಸ್ತಕ ತರಿಸಿ ಬರೆದರು: "ಸೇಬು—ದಾನ. ಕೂಲಿ—ಇಲ್ಲ."

ಮಂಚದಿಂದ ಉಗ್ರಾಣಕ್ಕೆ ಹದಿನೆಂಟು ಹೆಜ್ಜೆ. ನಮ್ಮ ಮೂಗುಗಳಲ್ಲಿ ತಂದೆಯವರಿಗೆ ನಂಬಿಕೆಯಿರಲಿಲ್ಲ. ಮರುದಿನ ಬೆಳಗ್ಗೆ ವಾಕರಿನ ಸದ್ದು ಕೇಳಿಸಿತು. ಅವರು ಜಾಡಿಗೆ ಕಿವಿಯಿಟ್ಟು ಒಳಗಿನ ಸುಂಯ್ಗುಟ್ಟುವಿಕೆಯನ್ನು ಆಲಿಸುತ್ತಿದ್ದರು. ಆಮೇಲೆ ದಿನಕ್ಕೆ ಎರಡು ಸಲ, ಮೂರು ಸಲ. ಐದನೆಯ ದಿನ ವಾಸನೆ ನೋಡಿ, "ಹೆಂಡದಂಗಡಿಯ ಮುಂಜಾನೆ ಹೀಗೇ ಇರುತ್ತಿತ್ತು," ಎಂದರು. ಅಲ್ಲಿಂದ ಕಥೆಗಳು ಹೊರಟವು: ಮಂಡ್ಯದ ಕಡೆಯ ತೆಂಗಿನ ತೋಟಗಳಲ್ಲಿ ಹೆಂಡದ ಮರಗಳನ್ನು ಎಣಿಸುತ್ತ ಅಲೆದದ್ದು, ಗುತ್ತಿಗೆದಾರ ಇಟ್ಟ ಹಣದ ಲಕೋಟೆಯನ್ನು ಹಿಂದಕ್ಕೆ ತಳ್ಳಿದ್ದು, 'ಹೆಂಡದ ಗುಮಾಸ್ತ' ಎಂದು ಬಂಧುಗಳು ಪಂಕ್ತಿಯಲ್ಲಿ ನಕ್ಕದ್ದು.

ಶಾಲೆಯಲ್ಲಿ ತಂದೆಯ ಉದ್ಯೋಗ ಕೇಳಿದಾಗಲೆಲ್ಲ ನಾನು 'ಸರಕಾರಿ ನೌಕರಿ' ಎಂದಷ್ಟೇ ಬರೆಯುತ್ತಿದ್ದೆ. ಈಗ ಅದೇ ನಾನು, 941ರ ಪಂಪನ 'ವಿಕ್ರಮಾರ್ಜುನ ವಿಜಯ'ದ ಪಾನಗೋಷ್ಠಿಯನ್ನು ತರಗತಿಯಲ್ಲಿ ರಸವತ್ತಾಗಿ ವಿವರಿಸಿ ಸಂಬಳ ಪಡೆಯುತ್ತೇನೆ. ಇಷ್ಟು ವರ್ಷ ತಂದೆಯವರ ಕೆಲಸದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಹನ್ನೆರಡನೆಯ ದಿನ ನೊರೆ ಅಡಗಿತು. ತೆಳಿಯನ್ನು ಬಸಿದು, ಕಾಯಿಸದ ವಿನಿಗರ್ ಬೆರೆಸಿದೆವು. ಸಂಕ್ರಾಂತಿಯ ಹೊತ್ತಿಗೆ ಒಳ್ಳೆಯ ಹುಳಿ ಬಂದಿತ್ತು. ಸೇಬು ತಂದವರ ಮನೆಗಳಿಗೇ ಸಣ್ಣ ಸೀಸೆಗಳು ಹೋದವು. ತಂದೆಯವರು ಈಗ ಬೀದಿಯ ತುದಿಯವರೆಗೆ ನಡೆಯುತ್ತಾರೆ.

ಒಂದನ್ನು ಒಪ್ಪಿಕೊಳ್ಳಬೇಕು. ಹನ್ನೊಂದನೆಯ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಉಗ್ರಾಣಕ್ಕೆ ಹೋಗಿ ಅರ್ಧ ಲೋಟ ಸೈಡರ್ ಕುಡಿದೆ. ಬೆಳಗ್ಗೆ ತಂದೆಯವರು ಕರೆದರು. ಜಾಡಿಯ ಒಳಮೈಯಲ್ಲಿ ರಸದ ಮಟ್ಟಕ್ಕೆ ಅವರು ಮೊದಲೇ ಗುರುತು ಮಾಡಿದ್ದರು, ಹಳೆಯ ಅಭ್ಯಾಸ. ಬಹಳ ಹೊತ್ತು ನನ್ನ ಮುಖ ನೋಡಿ, ದನಿ ತಗ್ಗಿಸಿ ಕೇಳಿದರು: "ಹೇಗಿತ್ತೋ?"

ಸ್ವಲ್ಪ ಸಿಹಿ, ಸ್ವಲ್ಪ ಒಗರು, ಕೊನೆಯಲ್ಲಿ ಸಣ್ಣಗೆ ಬಿಸಿ ಎಂದೆ. ಅವರು ತಲೆಯಾಡಿಸಿ, ಲೆಕ್ಕದ ಪುಸ್ತಕ ತೆರೆದು, ಆ ದಿನದ ಸಾಲಿನಲ್ಲಿ ಬರೆದರು: "ಆವಿಯಾಗಿ ಹೋದದ್ದು—ಅರ್ಧ ಲೋಟ."